ವಿಂಡೋಸ್ 10 ಬೆಂಬಲ ನಿಂತಿದೆ, ಮನೆಯ ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕಲಿ?

ಸೂಜಿದಾರ_ಹಾಸನ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಇದೆ. ವಿಂಡೋಸ್ 11 ಇದಕ್ಕೆ ಬರುವುದಿಲ್ಲ ಎಂದು ಪರದೆ ಮೇಲೇ ತೋರಿಸುತ್ತಿದೆ. ಅಂಗಡಿಯಲ್ಲಿ ಕೇಳಿದರೆ ಹೊಸದು ತಗೊಳ್ಳಿ ಅಂತಾರೆ. ಲ್ಯಾಪ್‌ಟಾಪ್ ಚೆನ್ನಾಗೇ ಇದೆ, ಸುಮ್ನೆ ಎಸೆಯೋಕೆ ಮನಸ್ಸಿಲ್ಲ.

ಬಳಸುವವರು ಮೂವರು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ ಇದೆ. ಮಗಳು ಒಂಬತ್ತನೇ ಕ್ಲಾಸು, ಆನ್‌ಲೈನ್ ಕ್ಲಾಸ್ ಮತ್ತು ಪ್ರಾಜೆಕ್ಟ್. ನಮ್ಮ ಮಾವ ನಿವೃತ್ತರು, ದಿನಾ ಕನ್ನಡದಲ್ಲಿ ಟೈಪ್ ಮಾಡಿ ಲೇಖನ ಬರೆಯುತ್ತಾರೆ, ಎಲ್ಲವೂ ನುಡಿ ತಂತ್ರಾಂಶದಲ್ಲಿ. ಒಂದು ಇಂಕ್ ಟ್ಯಾಂಕ್ ಪ್ರಿಂಟರ್ ಇದೆ.

ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಂ ಹಾಕಿ ಅಂತ ತಮ್ಮ ಹೇಳಿದ. ಹುಡುಕಿದರೆ ನೂರಾರು ಹೆಸರು ಬರುತ್ತವೆ. ಕಪ್ಪು ಪರದೆಯಲ್ಲಿ ಟೈಪ್ ಮಾಡುವುದೆಲ್ಲ ನನಗೆ ಗೊತ್ತಿಲ್ಲ. ಯಾವುದು ಸುಲಭ?

ಪುದೀನಾ
ಲಿನಕ್ಸ್ ಮಿಂಟ್. ಬೇರೆ ಯೋಚನೆ ಬೇಡ.

ಕರಾವಳಿ_ಕೋಡ್
ಒಂದೇ ಸಾಲಲ್ಲಿ ಮುಗಿಸಿಬಿಟ್ಟರೆ ಹೇಗೆ ಮಾರಾಯ್ರೇ, ಕಾರಣ ಹೇಳಿ. ಅವರು ಹೊಸಬರು.

ಪುದೀನಾ
ಸರಿ, ಹೇಳುತ್ತೇನೆ. ಮಿಂಟ್ ತೆರೆದ ಕೂಡಲೇ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ ಬಳಸಿದವರ ಕೈ ತಾನಾಗೇ ಸರಿಯಾದ ಕಡೆ ಹೋಗುತ್ತದೆ. ಹಾಡು, ವಿಡಿಯೋ ತೆರೆಯಲು ಬೇಕಾದ ಕೋಡೆಕ್‌ಗಳಿಗೆ ಇನ್‌ಸ್ಟಾಲ್ ಮಾಡುವಾಗ ಒಂದು ಟಿಕ್ ಹಾಕಿದರೆ ಸಾಕು. ಲಿಬ್ರೆ ಆಫೀಸ್ (ವರ್ಡ್, ಎಕ್ಸೆಲ್ ತರಹದ್ದು), ಫೈರ್‌ಫಾಕ್ಸ್ ಬ್ರೌಸರ್ ಮೊದಲೇ ಇರುತ್ತವೆ. ಟೈಮ್‌ಶಿಫ್ಟ್ ಅಂತ ಒಂದು ಟೂಲ್ ಕೂಡ ಇದೆ. ಅದನ್ನು ಆನ್ ಮಾಡಿಟ್ಟರೆ, ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ವಾಪಸ್ ಹೋಗಬಹುದು.

ಮಿಂಟ್ 22 ಸಾಲಿನದಕ್ಕೆ ಅಡಿಪಾಯ ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿ. ಹಾಗಾಗಿ 2029ರ ತನಕ ಭದ್ರತಾ ಅಪ್‌ಡೇಟ್ ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಅಷ್ಟು ಆಯಸ್ಸು ಸಾಕಲ್ವಾ?

ಟಕ್ಸ್_ಮೈಸೂರು
ಉಬುಂಟುವನ್ನೇ ಹಾಕಬಹುದಲ್ಲ, ಅದರ ಮೇಲೆ ಕಟ್ಟಿದ್ದು ಯಾಕೆ? ತೊಂದರೆ ಬಂದಾಗ ಹುಡುಕಿದರೆ ಸಿಗುವ ಉತ್ತರಗಳಲ್ಲಿ ಜಾಸ್ತಿ ಉಬುಂಟುವಿನವೇ. ದೊಡ್ಡ ಕಂಪನಿ ಹಿಂದೆ ಇದೆ. ಉಬುಂಟು ಪ್ರೊಗೆ ಹೆಸರು ನೋಂದಾಯಿಸಿದರೆ ಮನೆಬಳಕೆಗೆ 5 ಯಂತ್ರಗಳ ತನಕ ಪುಕ್ಕಟೆ, ಅಪ್‌ಡೇಟ್ ಅವಧಿಯೂ 10 ವರ್ಷಕ್ಕೆ ಏರುತ್ತದೆ.

ಪುದೀನಾ
4 ಜಿಬಿ ರ್‍ಯಾಮ್ ಅಂದಿದ್ದಾರೆ, ಗಮನಿಸಿ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ಅಷ್ಟರಲ್ಲಿ ಏದುಸಿರು ಬಿಡುತ್ತದೆ. ಮೇಲೆ ಸ್ನ್ಯಾಪ್ ಬೇರೆ, ಅಂದರೆ ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿಕೊಡುವ ಪೊಟ್ಟಣ. ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ರೂಪದಲ್ಲೇ ಬರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲ ಸಲ ತೆರೆಯುವುದಕ್ಕೆ ಕಾಯಬೇಕು. ಮಿಂಟ್‌ನಲ್ಲಿ ಸ್ನ್ಯಾಪ್ ಮೊದಲಿನಿಂದಲೇ ಆಫ್. ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಇರುವ ಆವೃತ್ತಿ ತಗೊಂಡರೆ ಇನ್ನೂ ಹಗುರ.

ಬೆಸುಗೆ
ನಾನು ಹಾರ್ಡ್‌ವೇರ್ ಕೆಲಸದವನು. ನೀವಿಬ್ಬರೂ ಜಗಳ ಆಡುತ್ತಿರುವುದು ಎರಡನೇ ವಿಷಯಕ್ಕೆ. ಮೊದಲನೆಯದು ಆ 500 ಜಿಬಿ ಹಾರ್ಡ್ ಡಿಸ್ಕ್. ಅದನ್ನು ಇಟ್ಟುಕೊಂಡು ಮಿಂಟ್ ಹಾಕಿದರೂ ನಿಧಾನ, ಉಬುಂಟು ಹಾಕಿದರೂ ನಿಧಾನ. ಒಂದು 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. ಹಿಂದಿನ ಕವಚದ ಸ್ಕ್ರೂ ತೆಗೆದು ಹಳೇದನ್ನು ಎಳೆದು ಹೊಸದನ್ನು ಕೂರಿಸುವುದಷ್ಟೇ. ಹಳೇ ಡಿಸ್ಕನ್ನು ಬಿಸಾಡಬೇಡಿ, ಯುಎಸ್‌ಬಿ ಕೇಸ್‌ನಲ್ಲಿ ಹಾಕಿದರೆ ಹಳೇ ಫೈಲುಗಳು ಹಾಗೇ ಕೈಯಲ್ಲಿರುತ್ತವೆ.

ರ್‍ಯಾಮ್ ಹೆಚ್ಚಿಸುವುದಾದರೆ ಒಂದು ಎಚ್ಚರಿಕೆ. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಡಿಡಿಆರ್3ಎಲ್, ಅಂದರೆ 1.35 ವೋಲ್ಟಿನದು. ಬರೀ ಡಿಡಿಆರ್3 ಅಂತ ಕೇಳಿದರೆ 1.5 ವೋಲ್ಟಿನದು ಕೊಟ್ಟುಬಿಡುತ್ತಾರೆ. ಅಳತೆ ಒಂದೇ, ಕೂರುತ್ತದೆ, ಆದರೆ ಲ್ಯಾಪ್‌ಟಾಪ್ ಏಳುವುದಿಲ್ಲ. ಚೀಟಿ ಮೇಲೆ ಪಿಸಿ3ಎಲ್ ಎಂದು 'ಎಲ್' ಇದೆಯೇ ನೋಡಿ ತಗೊಳ್ಳಿ.

ಸೂಜಿದಾರ_ಹಾಸನ
@ಬೆಸುಗೆ ಇದು ತುಂಬಾ ಉಪಯೋಗ ಆಯಿತು ಸರ್. ಎಸ್‌ಎಸ್‌ಡಿಗೆ ದುಡ್ಡು ಹೊಂದಿಸಬಹುದು. ರ್‍ಯಾಮ್ ಆಮೇಲೆ ನೋಡುತ್ತೇನೆ. ಆದರೆ ಮಾವನ ನುಡಿ? ಅದು ನಡೆಯದಿದ್ದರೆ ಈ ಯೋಚನೆಯನ್ನೇ ಬಿಡಬೇಕಾಗುತ್ತದೆ.

ಗಡಿಬಿಡಿ_ಗಣಕ
ಕಾಳಿ ಲಿನಕ್ಸ್ ಹಾಕಿ ಮೇಡಂ, ನಾನು ಅದೇ ಬಳಸೋದು. ನೋಡೋಕೆ ಸೂಪರ್.

ಟಕ್ಸ್_ಮೈಸೂರು
ದಯವಿಟ್ಟು ಹೊಸಬರಿಗೆ ಇದನ್ನು ಹೇಳಬೇಡಿ. ಕಾಳಿ ಇರುವುದು ಭದ್ರತಾ ಪರೀಕ್ಷೆ ಮಾಡುವವರಿಗೆ. ಲಿನಕ್ಸ್ ಗೊತ್ತಿಲ್ಲದವರು ದಿನಬಳಕೆಗೆ ಇದನ್ನು ಹಾಕಬೇಡಿ ಎಂದು ಅದನ್ನು ಮಾಡುವವರೇ ತಮ್ಮ ಕೈಪಿಡಿಯಲ್ಲಿ ಹೇಳುತ್ತಾರೆ. ಹೊಲಿಗೆ ಲೆಕ್ಕ ಬರೆಯುವ ಮನೆಗೆ ಅದು ಯಾಕೆ?

ಅಕ್ಷರಜೋಡಣೆ
ನುಡಿ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ನನ್ನ ಕೆಲಸವೇ ಡಿಟಿಪಿ. ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಗೊಂದಲ ಮಾಡಿಕೊಳ್ಳಬೇಡಿ.

ಒಂದು, ಮುಂದೆ ಟೈಪ್ ಮಾಡುವುದು ಹೇಗೆ. ನುಡಿ ತಂತ್ರಾಂಶ ವಿಂಡೋಸಿನದು. ಆದರೆ ಅದರ ಕೀಲಿಮಣೆ ವಿನ್ಯಾಸ, ಅಂದರೆ ಕಗಪ ವಿನ್ಯಾಸ, ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ (ibus-m17n) ಎಂದು ಹುಡುಕಿ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ. ಒಮ್ಮೆ ಲಾಗೌಟ್ ಆಗಿ ಬನ್ನಿ. ಇದನ್ನು ಮರೆತು 'ಬರ್ತಾ ಇಲ್ಲ' ಅನ್ನುವವರೇ ಜಾಸ್ತಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ, ಅದರಲ್ಲಿ ಕೆಜಿಪಿ. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಒತ್ತಕ್ಷರಕ್ಕೆ ನಡುವೆ ಎಫ್, ಡಬ್ಲ್ಯೂ ಒತ್ತಿದರೆ ಡ. ನಿಮ್ಮ ಮಾವನ ಬೆರಳಿಗೆ ಇದು ಗೊತ್ತಿರುವ ದಾರಿಯೇ.

ಎರಡು, ಹಳೇ ಫೈಲುಗಳು. ಅವರು 'ನುಡಿ 01 ಇ' ತರಹದ ಫಾಂಟ್‌ನಲ್ಲಿ ಬರೆದಿದ್ದರೆ ಅದು ಯುನಿಕೋಡ್ (ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಪದ್ಧತಿ) ಅಲ್ಲ, ಆಸ್ಕಿ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಇಲ್ಲದೆ ತೆರೆದರೆ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಗಾಬರಿ ಬೇಡ, ಫೈಲು ಕೆಟ್ಟಿರುವುದಿಲ್ಲ. ವಿಂಡೋಸಿನ ಫಾಂಟ್ಸ್ ಫೋಲ್ಡರ್‌ನಿಂದ ಆ ಟಿಟಿಎಫ್ ಫೈಲನ್ನು ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಲಿಬ್ರೆ ಆಫೀಸ್‌ನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಬೇಕು ಅಂದರೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಅದಕ್ಕೆ ಬ್ರೌಸರ್‌ನಲ್ಲೇ ನಡೆಯುವ ಪರಿವರ್ತಕಗಳಿವೆ.

ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ತಪ್ಪು ಆಗುವುದಾದರೆ ಅಲ್ಲೇ.

ಪುದೀನಾ
@ಅಕ್ಷರಜೋಡಣೆ ಇದನ್ನು ಯಾರಾದರೂ ಮೇಲೆ ಅಂಟಿಸಿಡಿ. ಕನ್ನಡಿಗರು ಲಿನಕ್ಸ್‌ಗೆ ಬರದೇ ಇರುವುದಕ್ಕೆ ಅರ್ಧ ಕಾರಣ ಇದೊಂದೇ.

ಅಕ್ಷರಜೋಡಣೆ
ಹಾಗಂತ ನಾನು ಲಿನಕ್ಸ್‌ಗೆ ಬಂದಿಲ್ಲ, ಬರುವುದಕ್ಕೂ ಆಗುವುದಿಲ್ಲ. ಪೇಜ್‌ಮೇಕರ್, ಕೋರೆಲ್ ಡ್ರಾ, ಆಸ್ಕಿ ಫಾಂಟ್, ಈ ಮೂರರ ಮೇಲೆ ಕನ್ನಡದ ಎಷ್ಟೋ ಮುದ್ರಣಾಲಯಗಳು ನಿಂತಿವೆ. ಲಿನಕ್ಸ್‌ನಲ್ಲಿ ಪುಟವಿನ್ಯಾಸಕ್ಕಿರುವ ಸ್ಕ್ರೈಬಸ್‌ನ 1.6 ಆವೃತ್ತಿ ಬಂದ ಮೇಲೆ ಕನ್ನಡ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಅದು ಖುಷಿ. ಆದರೆ ಪ್ರೆಸ್‌ನವರು ನನ್ನಿಂದ ಕೇಳುವುದು ಹಳೇ ಮಾದರಿಯ ಫೈಲನ್ನೇ. ಮನೆಯಲ್ಲಿ ಬರೆಯುವವರಿಗೆ ಲಿನಕ್ಸ್ ಧಾರಾಳ ಸಾಕು. ಅಚ್ಚಿನ ಕೆಲಸದವರು ಆತುರಪಡಬೇಡಿ.

ಲೆಕ್ಕಪತ್ರ
ಅದೇ ಮಾತು ನಮ್ಮ ಕಡೆಯಿಂದಲೂ. ತೆರಿಗೆ ಕೆಲಸ ಮಾಡುವವರಿಗೆ ಟ್ಯಾಲಿ ಬೇಕು, ಅದು ವಿಂಡೋಸ್‌ನದು. ಡಿಜಿಟಲ್ ಸಹಿಯ ಟೋಕನ್‌ಗಳು, ಅವುಗಳ ಜೊತೆ ಬರುವ ಸಹಿ ಮಾಡುವ ತಂತ್ರಾಂಶ, ಇವೆಲ್ಲ ವಿಂಡೋಸ್ ಮೇಲೆ ಸಲೀಸು. ಆದಾಯ ತೆರಿಗೆಯ ಎಕ್ಸೆಲ್ ಯುಟಿಲಿಟಿಯಲ್ಲಿ ಮ್ಯಾಕ್ರೋ (ಶೀಟ್‌ನೊಳಗೇ ಓಡುವ ಸಣ್ಣ ಪ್ರೋಗ್ರಾಂ) ಇರುತ್ತವೆ, ಲಿಬ್ರೆ ಆಫೀಸ್‌ನಲ್ಲಿ ಅವು ನಡೆಯುವುದಿಲ್ಲ. ಆದರೆ ಸಂಬಳದವರು ತಮ್ಮ ರಿಟರ್ನ್ ಅನ್ನು ಪೋರ್ಟಲ್‌ನಲ್ಲೇ ಬ್ರೌಸರ್ ಮೂಲಕ ತುಂಬಬಹುದು, ಅದಕ್ಕೆ ಯಾವ ಸಿಸ್ಟಂ ಆದರೂ ನಡೆಯುತ್ತದೆ.

ಸೂಜಿದಾರ ಅವರೇ, ನಿಮ್ಮ ಲೆಕ್ಕದ ಶೀಟ್‌ನಲ್ಲಿ ಬರೀ ಕೂಡುವುದು ಕಳೆಯುವುದು ಇದ್ದರೆ ಲಿಬ್ರೆ ಆಫೀಸ್ ಕ್ಯಾಲ್ಕ್ ಹಾಗೇ ತೆರೆಯುತ್ತದೆ. ಬಟನ್ ಒತ್ತಿದರೆ ಬಿಲ್ ಬರುವ ತರಹ ಯಾರಾದರೂ ಮಾಡಿಕೊಟ್ಟಿದ್ದಾರಾ?

ಸೂಜಿದಾರ_ಹಾಸನ
ಇಲ್ಲ ಸರ್. ಹೆಸರು, ಅಳತೆ, ಮುಂಗಡ, ಬಾಕಿ, ಅಷ್ಟೇ ಕಾಲಂ.

ಲೆಕ್ಕಪತ್ರ
ಹಾಗಾದರೆ ಚಿಂತೆಯೇ ಇಲ್ಲ.

ಕರಾವಳಿ_ಕೋಡ್
ಜೋರಿನ್ ಓಎಸ್ ಹೆಸರು ಯಾರೂ ಎತ್ತಲೇ ಇಲ್ಲವಲ್ಲ! ಐರ್ಲೆಂಡ್‌ನವರು ಮಾಡುವುದು. ವಿಂಡೋಸ್ 10ರ ಬೆಂಬಲ ನಿಂತ ದಿನವೇ, 2025ರ ಅಕ್ಟೋಬರ್ 14ರಂದು, ಜೋರಿನ್ 18 ಬಿಡುಗಡೆ ಮಾಡಿದರು. ನೋಡೋಕೆ ಮಿಂಟ್‌ಗಿಂತ ಚೆಂದ. ವಿಂಡೋಸಿನ ಇನ್‌ಸ್ಟಾಲರ್ ಫೈಲ್ ಮೇಲೆ ಕ್ಲಿಕ್ ಮಾಡಿದರೆ 'ಇದರ ಬದಲಿಗೆ ಇದನ್ನು ಹಾಕಿಕೊಳ್ಳಿ' ಎಂದು ಲಿನಕ್ಸಿನ ಪರ್ಯಾಯ ತೋರಿಸುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸಹಾಯ ಯಾವುದು? ನಮ್ಮಮ್ಮ ಅದನ್ನೇ ಬಳಸುವುದು, ಒಂದು ಪ್ರಶ್ನೆಯೂ ಕೇಳಿಲ್ಲ.

ಪುದೀನಾ
ದುಡ್ಡು ಕೊಡಬೇಕಲ್ಲ?

ಕರಾವಳಿ_ಕೋಡ್
ಪ್ರೊ ಆವೃತ್ತಿಗೆ ಮಾತ್ರ. ಕೋರ್ ಪುಕ್ಕಟೆ. ಪ್ರೊದಲ್ಲಿ ಬರುವ ಹೆಚ್ಚಿನ ವಿನ್ಯಾಸಗಳು ನಿಮಗೆ ಬೇಕಾಗುವುದೇ ಇಲ್ಲ.

ಟಕ್ಸ್_ಮೈಸೂರು
ಜೋರಿನ್ ಒಳಗಿರುವುದೂ ಗ್ನೋಮ್‌ನ ಅಡಿಪಾಯವೇ, ರ್‍ಯಾಮ್ ವಿಷಯಕ್ಕೆ ಅದೇ ಮಾತು ಬರುತ್ತದೆ. 8 ಜಿಬಿ ಇದ್ದರೆ ಕಣ್ಣು ಮುಚ್ಚಿ ಹಾಕಬಹುದು. ನಾನು ಸ್ವಂತಕ್ಕೆ ಫೆಡೋರಾ ಬಳಸುತ್ತೇನೆ, ಆದರೆ ಇಲ್ಲಿ ಅದನ್ನು ಹೇಳುವುದಿಲ್ಲ. ಆರಾರು ತಿಂಗಳಿಗೆ ಹೊಸ ಆವೃತ್ತಿ, ಪ್ರತಿಯೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಕೆಲವು ವಿಡಿಯೋ ಕೋಡೆಕ್‌ಗೆ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ತಂತ್ರಾಂಶ ಭಂಡಾರ ಬೇರೆ ಸೇರಿಸಿಕೊಳ್ಳಬೇಕು. ಮನೆಮಂದಿಗೆಲ್ಲ ಸೇರಿ ಒಂದೇ ಕಂಪ್ಯೂಟರ್ ಇರುವ ಕಡೆ ಇಷ್ಟು ಓಡಾಟ ಬೇಡ.

ಮೇಷ್ಟ್ರು_ತುಮಕೂರು
ನಾನು ಹೈಸ್ಕೂಲ್ ಶಿಕ್ಷಕ. ಮಗಳ ಓದಿಗೆ ಲಿನಕ್ಸ್ ಕಡಿಮೆ ಬೀಳುತ್ತದೆ ಎಂಬ ಅಳುಕು ನಿಮಗಿದ್ದರೆ ಬಿಟ್ಟುಬಿಡಿ. ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್ ಮೇಲೆ. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಮೇಲೆ ತಮ್ಮದೇ ಆವೃತ್ತಿ ಮಾಡಿ ಶಾಲೆಗಳಿಗೆ ಕೊಡುತ್ತದೆ. ಮಕ್ಕಳು ಅದರಲ್ಲೇ ಕಲಿತು ಬೆಳೆಯುತ್ತಿದ್ದಾರೆ. ನಾವು ಇಲ್ಲಿ ಇನ್ನೂ 'ಲಿನಕ್ಸ್ ಕಷ್ಟ' ಅಂತ ಹೇಳಿಕೊಂಡು ಕೂತಿದ್ದೇವೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಜಿಯೋಜೀಬ್ರಾ, ಸ್ಕ್ರ್ಯಾಚ್, ಪೈಥಾನ್ ಎಲ್ಲವೂ ಸಿಗುತ್ತವೆ. ಗೂಗಲ್ ಮೀಟ್ ಬ್ರೌಸರ್‌ನಲ್ಲಿ, ಝೂಮ್‌ಗೆ ಲಿನಕ್ಸ್ ಆವೃತ್ತಿಯೇ ಇದೆ. ಒಂದೇ ಕಡೆ ಎಚ್ಚರ. ಕೆಲವು ಆನ್‌ಲೈನ್ ಪರೀಕ್ಷೆಗಳಲ್ಲಿ ಕಂಪ್ಯೂಟರನ್ನೇ ಲಾಕ್ ಮಾಡುವ ಬ್ರೌಸರ್ ಹಾಕಿಸುತ್ತಾರೆ. ಸೇಫ್ ಎಕ್ಸಾಮ್ ಬ್ರೌಸರ್ ತರಹದ್ದು. ಅದು ವಿಂಡೋಸ್ ಮತ್ತು ಮ್ಯಾಕ್‌ಗೆ ಇದೆ, ಲಿನಕ್ಸ್‌ಗೆ ಇಲ್ಲ. ಅಂಥ ಪರೀಕ್ಷೆ ಬರುವ ಸಾಧ್ಯತೆ ಇದ್ದರೆ ಶಾಲೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಪಿಕ್ಸೆಲ್_ಹುಡುಗ
ಗೇಮ್ಸ್?

ಟಕ್ಸ್_ಮೈಸೂರು
ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ ಬಂದ ಮೇಲೆ ತುಂಬಾ ಆಟಗಳು ನಡೆಯುತ್ತವೆ. ವ್ಯಾಲರಂಟ್ ನಡೆಯುವುದಿಲ್ಲ, ಅದರ ಮೋಸ ತಡೆಯುವ ತಂತ್ರಾಂಶ ಲಿನಕ್ಸ್‌ಗೆ ಇಲ್ಲ. ಫೋರ್ಟ್‌ನೈಟ್ ಕೂಡ ಇಲ್ಲ.

ಪಿಕ್ಸೆಲ್_ಹುಡುಗ
ಹಾಗಾದರೆ ನಾನು ವಿಂಡೋಸ್‌ನಲ್ಲೇ ಇರುತ್ತೇನೆ. ಬೇರೆ ಮಾತಿಲ್ಲ.

ಗಡಿಬಿಡಿ_ಗಣಕ
ಇಷ್ಟೆಲ್ಲ ಯಾಕೆ? ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವ ರೂಫಸ್‌ನಲ್ಲಿ ಟಿಪಿಎಂ (ಭದ್ರತಾ ಚಿಪ್) ಪರೀಕ್ಷೆ ತೆಗೆದುಹಾಕಿ ವಿಂಡೋಸ್ 11 ಹಾಕಬಹುದು. ನಾನು ಗೆಳೆಯರಿಗೆ ಹಾಕಿಕೊಟ್ಟಿದ್ದೇನೆ, ಚೆನ್ನಾಗಿ ಓಡುತ್ತಿದೆ.

ಬೆಸುಗೆ
ಓಡುತ್ತದೆ, ಸುಳ್ಳಲ್ಲ. ಆದರೆ ಟಿಪಿಎಂ 2.0 ಮತ್ತು ಎಂಟನೇ ತಲೆಮಾರಿನ ಇಂಟೆಲ್ ಎಂಬ ನಿಯಮ ಮೀರಿ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಜವಾಬ್ದಾರಿ ತಮ್ಮದಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್‌ಗೆ ಮತ್ತೆ ಅದೇ ಕಸರತ್ತು ಮಾಡಬೇಕು. ಅದನ್ನು ಮಾಡಿಕೊಡುವವರು ಪಕ್ಕದಲ್ಲಿ ಇಲ್ಲದಿದ್ದರೆ? 4 ಜಿಬಿ ರ್‍ಯಾಮ್‌ನಲ್ಲಿ ವಿಂಡೋಸ್ 11 ಅಂದರೆ ಬ್ರೌಸರ್ ತೆರೆದು ಕಾಫಿ ಮಾಡಿಕೊಂಡು ಬರಬಹುದು.

ಇನ್ನೊಂದು ದಾರಿಯೂ ಇದೆ. ವಿಂಡೋಸ್ 10ಕ್ಕೇ ಮನೆಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿದ್ದಾರೆ, 2026ರ ಅಕ್ಟೋಬರ್ 13ರ ತನಕ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ಅಪ್‌ಡೇಟ್ ಪುಟದಲ್ಲೇ ಅದರ ಬಟನ್ ಇರುತ್ತದೆ. ಲಿನಕ್ಸ್ ಕಲಿಯುವ ತನಕ ಇದನ್ನು ಮಾಡಿಟ್ಟುಕೊಳ್ಳಿ, ನಷ್ಟವೇನಿಲ್ಲ.

ಕರಾವಳಿ_ಕೋಡ್
ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ಒಂದು ಆಯ್ಕೆ ಅಲ್ವಾ? ಗೂಗಲ್‌ನದು, ಹಳೇ ಯಂತ್ರಕ್ಕೇ ಮಾಡಿದ್ದು.

ಅಕ್ಷರಜೋಡಣೆ
ಬ್ರೌಸರ್ ಬಿಟ್ಟು ಬೇರೇನೂ ಬೇಡ ಅನ್ನುವವರಿಗೆ ಸರಿ. ಆಂಡ್ರಾಯ್ಡ್ ಆ್ಯಪ್ ಅದರಲ್ಲಿ ಬರುವುದಿಲ್ಲ, ಅದು ಕ್ರೋಮ್‌ಬುಕ್‌ಗೆ ಮಾತ್ರ. ಈ ಮನೆಯಲ್ಲಿ ಮಾವನ ಹಳೇ ಆಸ್ಕಿ ಫೈಲುಗಳಿವೆ, ಬೇಕಾದ ಫಾಂಟ್ ಹಾಕಿ ಆಫ್‌ಲೈನ್‌ನಲ್ಲಿ ತೆರೆಯಬೇಕು. ಇಲ್ಲಿಗೆ ಅದು ಹೊಂದುವುದಿಲ್ಲ.

ಧಾರವಾಡದಾಂವ_ನ್ಯೂಜೆರ್ಸಿ
ನಮ್ಮ ಅವ್ವ ಧಾರವಾಡದಾಗ, ನಾನು ಇಲ್ಲೆ. ಅವರ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಿ ಬಂದಿದ್ದೇನೆ. ಅದರಲ್ಲಿ ರಸ್ಟ್‌ಡೆಸ್ಕ್ ಹಾಕಿಟ್ಟಿದ್ದರಿಂದ ಏನಾದರೂ ಬೇಕಾದರೆ ಇಲ್ಲಿಂದಲೇ ಪರದೆ ನೋಡಿ ಸರಿಮಾಡುತ್ತೇನೆ. ನಿಜ ಹೇಳಬೇಕೆಂದರೆ ಕರೆ ಕಡಿಮೆಯಾಗಿವೆ. ಮೊದಲು 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಅನ್ನುವ ಪರದೆ ಬಂದಾಗೆಲ್ಲ ಹೆದರಿ ಫೋನ್ ಮಾಡುತ್ತಿದ್ದರು. ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿದ ಮೇಲೆ ಅದು ನಿಂತಿದೆ. ಇದು ಲಿನಕ್ಸಿನ ಮಹಿಮೆ ಅಲ್ಲ, ವಿಂಡೋಸ್‌ನಲ್ಲೂ ಹಾಕಬಹುದು. ದಯವಿಟ್ಟು ಮನೆಯ ಹಿರಿಯರ ಬ್ರೌಸರ್‌ಗೆಲ್ಲ ಹಾಕಿಕೊಡಿ.

ಡೆಸ್ಕ್‌ಟಾಪ್ ಮೇಲೆ ನಾಲ್ಕೇ ಚಿತ್ರ ಇಟ್ಟಿದ್ದೇನೆ: ಬ್ರೌಸರ್, ಫೋಟೋ, ಭಜನೆ ಫೋಲ್ಡರ್, ಬಂದ್ ಮಾಡುವ ಬಟನ್. ಯಾವ ಲಿನಕ್ಸ್ ಅಂತ ಅವ್ವಗ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬೇಕಿಲ್ಲ.

ಮೇಷ್ಟ್ರು_ತುಮಕೂರು
ಇದನ್ನು ಓದಿ ಹಳೇ ನೆನಪು ಬಂತು. ಉಬುಂಟುವಿನವರು ವಿಳಾಸ ಕೊಟ್ಟರೆ ಪುಕ್ಕಟೆಯಾಗಿ ಸಿಡಿ ಕಳಿಸುತ್ತಿದ್ದರು, ಶಿಪ್‌ಇಟ್ ಅಂತ ಹೆಸರು. 2011ರಲ್ಲಿ ನಿಲ್ಲಿಸಿದರು. ಡಯಲ್ ಅಪ್ ಕಾಲದಲ್ಲಿ 700 ಎಂಬಿ ಡೌನ್‌ಲೋಡ್ ಅಂದರೆ ಆಗದ ಮಾತು. ವಿದೇಶದಿಂದ ಅಂಚೆಯಲ್ಲಿ ಸಿಡಿ ಬಂದಾಗ ಪೋಸ್ಟ್‌ಮ್ಯಾನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೊಟ್ಟಿದ್ದರು. ನಮ್ಮ ಬೀದಿಯ ಎಷ್ಟೋ ಹುಡುಗರು ಕಂಪ್ಯೂಟರ್ ಒಳಗೆ ಏನಿದೆ ಎಂದು ನೋಡಿದ್ದೇ ಆ ಸಿಡಿಯಿಂದ.

ಟಕ್ಸ್_ಮೈಸೂರು
ಹೌದು ಹೌದು! ಅದರ ಜೊತೆ ಅಂಟಿಸೋಕೆ ಸ್ಟಿಕ್ಕರ್ ಕೂಡ ಬರುತ್ತಿತ್ತು.

ಪುದೀನಾ
ವಿಷಯಕ್ಕೆ ಬರೋಣ. ಅವರು ಮುಂದೆ ಏನು ಮಾಡಬೇಕು ಅಂತ ಯಾರೂ ಹೇಳಿಲ್ಲ. ಸೂಜಿದಾರ ಅವರೇ, ಈಗಲೇ ಏನನ್ನೂ ಅಳಿಸಬೇಡಿ. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ತಗೊಳ್ಳಿ, ಅದರಲ್ಲಿರುವುದೆಲ್ಲ ಹೋಗುತ್ತದೆ, ಖಾಲಿಯದಿರಲಿ. ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಸಿಸ್ಟಂ ಇರುವ ಇನ್‌ಸ್ಟಾಲ್ ಫೈಲ್) ಸುಮಾರು 3 ಜಿಬಿ. ಬಾಲೆನಾ ಎಚರ್ ಅಥವಾ ರೂಫಸ್‌ನಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀಲಿ ಒತ್ತಿ. ಲೆನೊವೊ, ಡೆಲ್, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಅದರಿಂದಲೇ ಓಡುತ್ತದೆ. ಇದಕ್ಕೆ ಲೈವ್ ಅಂತಾರೆ. ನಿಮ್ಮ ಡಿಸ್ಕ್ ಮುಟ್ಟುವುದಿಲ್ಲ.

ಅಲ್ಲಿ ಕೂತು ವೈಫೈ, ಶಬ್ದ, ಕ್ಯಾಮೆರಾ, ಪ್ರಿಂಟರ್, ಮುಚ್ಚಿ ತೆರೆದರೆ ಏಳುತ್ತದೆಯೇ, ಎಲ್ಲ ನೋಡಿ. ಮಾವನನ್ನೂ ಮಗಳನ್ನೂ ಕೂರಿಸಿ ಬಳಸಲು ಬಿಡಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಬೆಸುಗೆ
ಅಧಿಕೃತ ಪುಟದಿಂದಲೇ ಇಳಿಸಿಕೊಳ್ಳಿ, ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ಖಚಿತಪಡಿಸುವ ಸಂಕೇತ) ಹೋಲಿಸಿ ನೋಡಿ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿ ಹಿಂಬಾಗಿಲಿರುವ ಐಎಸ್‌ಒ ಕಡೆಗೆ ಜನರನ್ನು ತಿರುಗಿಸಿದ್ದರು.

ಟಕ್ಸ್_ಮೈಸೂರು
ನೋಡಿ, ಇದಕ್ಕೇ ನಾನು ದೊಡ್ಡ ಕಂಪನಿ ಹಿಂದೆ ಇರಬೇಕು ಎಂದಿದ್ದು.

ಪುದೀನಾ
ಮಿಂಟ್‌ನವರೇ ಕಂಡುಹಿಡಿದು, ಅವರೇ ಜಾಲತಾಣ ಮುಚ್ಚಿ, ಯಾವ ದಿನ ಇಳಿಸಿಕೊಂಡವರಿಗೆ ತೊಂದರೆ ಎಂದು ಬಹಿರಂಗವಾಗಿ ಹೇಳಿದರು. ಮುಚ್ಚಿಡಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಆ ನಡವಳಿಕೆಯಿಂದ.

ಸೂಜಿದಾರ_ಹಾಸನ
ಲೈವ್ ನೋಡಿದೆ! ಮೆನು ಎಲ್ಲ ಅರ್ಥ ಆಯಿತು. ಪ್ರಿಂಟರ್ ಸಿಕ್ಕಿಸಿದ ಕೂಡಲೇ ತಾನೇ ಹೆಸರು ತೋರಿಸಿತು, ಒಂದು ಪುಟ ಬಂತು. ಮಗಳು ಕ್ಯಾಮೆರಾ ತೆರೆದು ನೋಡಿದಳು, ಸರಿ ಇದೆ. ಆದರೆ ವೈಫೈ ಕಾಣುತ್ತಲೇ ಇಲ್ಲ. ಇಂಟರ್ನೆಟ್ ಇಲ್ಲದೆ ಮಾವನ ಕನ್ನಡ ಟೈಪಿಂಗ್ ಹಾಕಿ ನೋಡಲು ಆಗಲಿಲ್ಲ.

ಬೆಸುಗೆ
ಕೆಲವು ವೈಫೈ ಚಿಪ್‌ಗಳ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಮುಕ್ತವಲ್ಲ, ಹಾಗಾಗಿ ಮೊದಲೇ ಸೇರಿಸಿರುವುದಿಲ್ಲ. ಮೊಬೈಲನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಮೊಬೈಲ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪ್‌ಗೆ ತಕ್ಷಣ ಇಂಟರ್ನೆಟ್ ಬರುತ್ತದೆ. ಆಮೇಲೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ವೈಫೈ ಸಾಧನದ ಹೆಸರು, ಅದರ ಕೆಳಗೆ ಹಾಕಬಹುದಾದ ಡ್ರೈವರ್ ತೋರಿಸುತ್ತದೆ. ಅದನ್ನು ಆರಿಸಿ ಒಪ್ಪಿಗೆ ಕೊಡಿ, ಅಷ್ಟೇ. ಕೇಬಲ್ ಬರೀ ಚಾರ್ಜ್ ಆಗುವ ಅಗ್ಗದ್ದಾಗಿರಬಾರದು, ಡೇಟಾ ಹೋಗುವಂಥದ್ದಿರಲಿ.

ಪ್ರಿಂಟರ್ ನಿಮಗೆ ಸುಲಭವಾಯಿತು, ಸಂತೋಷ. ಬೇರೆಯವರು ಓದುತ್ತಿದ್ದರೆ ಹೇಳುತ್ತೇನೆ: ಡ್ರೈವರ್ ಬೇಡದ ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳು, ಎಚ್‌ಪಿಯ ಬಹುತೇಕ ಮಾದರಿಗಳು ಸಲೀಸು. ನಮ್ಮಲ್ಲಿ ಸೈಬರ್ ಸೆಂಟರ್‌ಗಳಲ್ಲಿ ತುಂಬಾ ಕಾಣುವ ಕ್ಯಾನನ್ ಎಲ್‌ಬಿಪಿ2900 ಕ್ಯಾಪ್ಟ್ ಎಂಬ ತನ್ನದೇ ಭಾಷೆ ಬಳಸುತ್ತದೆ, ಅದಕ್ಕೆ ಬೇರೆ ಡ್ರೈವರ್ ಹುಡುಕಿ ಕೂರಿಸಬೇಕು, ಹೊಸಬರಿಗೆ ಕಷ್ಟ. ಅದನ್ನು ಇಟ್ಟುಕೊಂಡವರು ಮೊದಲು ಪ್ರಿಂಟರ್ ವಿಚಾರಿಸಿ, ಆಮೇಲೆ ಲಿನಕ್ಸ್.

ಸೂಜಿದಾರ_ಹಾಸನ
ವೈಫೈ ಬಂತು!! ಕನ್ನಡವೂ ಬಂತು. ಲಾಗೌಟ್ ಆಗಿ ಬಂದ ಮೇಲೆ ಮಾವ ಎರಡು ಸಾಲು ಹೊಡೆದರು. 'ಕೀಲಿ ಅದೇ ಇದೆ, ಅಕ್ಷರದ ಆಕಾರ ಮಾತ್ರ ಬೇರೆ' ಅಂದರು. ಅವರಿಗೆ ಅಕ್ಷರ ಸ್ವಲ್ಪ ದಪ್ಪ ಬೇಕಂತೆ.

ಅಕ್ಷರಜೋಡಣೆ
ಅದು ಫಾಂಟ್ ವಿಷಯ. ಲೋಹಿತ್ ಕನ್ನಡ ಇರಬಹುದು. ನೋಟೋ ಸೆರಿಫ್ ಕನ್ನಡ ಹಾಕಿ ನೋಡಿ, ಪುಸ್ತಕದ ಅಚ್ಚಿನ ತರಹ ಕಾಣುತ್ತದೆ, ದಪ್ಪದ ಆಯ್ಕೆಗಳೂ ಇವೆ. ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ಲೇಖನವನ್ನು ಪತ್ರಿಕೆಗೆ ಕಳಿಸುವಾಗ ಯುನಿಕೋಡ್ ಎಂದು ಒಂದು ಮಾತು ಬರೆದು ಕಳಿಸಲಿ.

ಸೂಜಿದಾರ_ಹಾಸನ
ಆಯಿತು ಸರ್. ಈಗ ಇನ್‌ಸ್ಟಾಲ್ ಮಾಡುವಾಗ ಎರಡು ಆಯ್ಕೆ ಬರುತ್ತದಂತೆ. ಡಿಸ್ಕ್ ಪೂರ್ತಿ ಅಳಿಸುವುದು, ಇಲ್ಲಾ ವಿಂಡೋಸ್ ಪಕ್ಕದಲ್ಲಿ ಹಾಕುವುದು. ಯಾವುದು?

ಪುದೀನಾ
ಪಕ್ಕದಲ್ಲಿ. ಮೂರು ತಿಂಗಳು ಎರಡನ್ನೂ ಇಟ್ಟುಕೊಳ್ಳಿ.

ಬೆಸುಗೆ
ನಾನು ಒಪ್ಪುವುದಿಲ್ಲ. ಹೊಸ ಎಸ್‌ಎಸ್‌ಡಿ ತಗೊಳ್ಳುತ್ತಿದ್ದಾರಲ್ಲ? ಹಳೇ ಡಿಸ್ಕನ್ನು ಹೊರಗೆ ತೆಗೆದಿಟ್ಟು, ಎಸ್‌ಎಸ್‌ಡಿಗೆ ಪೂರ್ತಿ ಮಿಂಟ್ ಹಾಕಿ. ಏನೇ ಹೆಚ್ಚು ಕಡಿಮೆ ಆದರೂ ಹಳೇ ಡಿಸ್ಕ್ ವಾಪಸ್ ಸಿಕ್ಕಿಸಿದರೆ ಮೊದಲಿನ ವಿಂಡೋಸ್ ಹಾಗೇ ಇರುತ್ತದೆ. ಅದಕ್ಕಿಂತ ಒಳ್ಳೆಯ ಬ್ಯಾಕಪ್ ಇಲ್ಲ. ಮಾವನ ಲೇಖನಗಳನ್ನು ಮಾತ್ರ ಇನ್ನೊಂದು ಪೆನ್‌ಡ್ರೈವ್‌ಗೂ ಹಾಕಿ, ಹಳೇ ಡಿಸ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಒಂದೇ ಡಿಸ್ಕ್‌ನಲ್ಲಿ ಎರಡೂ ಇಡುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಲಿನಕ್ಸ್‌ನಿಂದ ಆ ಭಾಗಕ್ಕೆ ಬರೆಯಲು ಆಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಪುದೀನಾ
ಹೌದು, ಎಸ್‌ಎಸ್‌ಡಿ ಬರುವುದಾದರೆ ನೀವು ಹೇಳಿದ ದಾರಿಯೇ ಸರಿ.

ಹೊಸಬ_ಕೊಪ್ಪಳ
ನನ್ನ ಹತ್ತಿರ 2 ಜಿಬಿ ರ್‍ಯಾಮ್‌ನ ಹಳೇ ನೆಟ್‌ಬುಕ್ ಇದೆ, 32 ಬಿಟ್. ಇದಕ್ಕೂ ಮಿಂಟ್ ಬರುತ್ತಾ?

ಟಕ್ಸ್_ಮೈಸೂರು
ಇಲ್ಲ. ಡೆಬಿಯನ್ ಎಂಬ ಲಿನಕ್ಸಿನವರೂ 13ನೇ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರ್ ತೆಗೆದರು, ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸ್ ಕೈಬಿಟ್ಟಿದೆ. ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ಹಾಕಿ ಟೈಪ್ ಮಾಡಲು, ಹಾಡು ಕೇಳಲು ಬಳಸಬಹುದು. ಅದರಲ್ಲಿ ಇವತ್ತಿನ ವೆಬ್‌ಸೈಟ್ ನೋಡುತ್ತೇನೆ, ಬ್ಯಾಂಕ್ ಕೆಲಸ ಮಾಡುತ್ತೇನೆ ಅಂದರೆ ಬೇಡ.

ಕರಾವಳಿ_ಕೋಡ್
ನಾನೂ ಮನೆಯ ಇನ್ನೊಂದು ಯಂತ್ರದಲ್ಲಿ ಜೋರಿನ್ ಜೊತೆ ವಿಂಡೋಸ್ ಇಟ್ಟಿದ್ದೇನೆ. ಜೋರಿನ್ ಬಳಸಿ ವಿಂಡೋಸ್‌ಗೆ ಹೋದಾಗೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಮದರ್‌ಬೋರ್ಡ್‌ನ ಸೆಲ್ ಬದಲಾಯಿಸಿದೆ, ಆದರೂ ಅದೇ ಕತೆ. ಯಾಕೆ?

ಬೆಸುಗೆ
ಸೆಲ್ ಅಲ್ಲ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಗ್ರೀನಿಚ್ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದಿಕೊಳ್ಳುತ್ತದೆ. ನಮಗೂ ಗ್ರೀನಿಚ್‌ಗೂ ಇರುವ ಅಂತರವೇ ಐದೂವರೆ ಗಂಟೆ. ಸೆಲ್ ಹೋದರೆ ತಾರೀಖೇ ಹಳೇ ವರ್ಷಕ್ಕೆ ಹೋಗುತ್ತದೆ, ಜಾಲತಾಣಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ತೋರಿಸುತ್ತವೆ. ಅದು ಬೇರೆ ಲಕ್ಷಣ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಪರದೆ) ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಗೆ ಲೋಕಲ್ ಆರ್‌ಟಿಸಿ, ಅಂದರೆ ಮದರ್‌ಬೋರ್ಡ್ ಗಡಿಯಾರದಲ್ಲಿ ನಮ್ಮ ಸಮಯವನ್ನೇ, ಬಳಸು ಎಂದು ಹೇಳಿದರೆ ಸಾಕು. ಪೂರ್ತಿ ಸಾಲನ್ನು ನಿಮಗೆ ಮೆಸೇಜ್ ಮಾಡುತ್ತೇನೆ.

ಕರಾವಳಿ_ಕೋಡ್
ಬಂತು, ಹಾಕಿದೆ. ಎರಡರಲ್ಲೂ ಸಮಯ ಈಗ ಒಂದೇ. ಉಪಕಾರ ಆಯ್ತು ಮಾರಾಯ್ರೇ.